ತೆರಿಗೆ ಬಿಟ್ಟ ಮಾತ್ರಕ್ಕೆ ಬಾಯ್ಲರ್ ಉರಿಯುತ್ತಾ?

ನವೆಂಬರ್ ಬಂತು ಅಂದ್ರೆ ದೆಹಲಿಯಲ್ಲಿರೋ ನಮಗೆ ಕಣ್ಣುರಿ, ಗಂಟಲು ಕೆರೆತ ಶುರು. ಪಂಜಾಬ್, ಹರಿಯಾಣದಲ್ಲಿ ಭತ್ತದ ಕೂಳೆ ಸುಡೋ ಹೊಗೆಗೂ ಅದರಲ್ಲಿ ಪಾಲಿದೆ. ಆಗ ಯಾರಾದ್ರೂ ಹೇಳೇ ಹೇಳ್ತಾರೆ: ಆ ಹುಲ್ಲಿಂದ ಕರೆಂಟ್ ಮಾಡೋ ಸ್ಥಾವರಗಳಿಗೆ ಆಸ್ತಿ ತೆರಿಗೆ ಮಾಫಿ ಮಾಡಿ, ಎಲ್ಲ ಸರಿಹೋಗುತ್ತೆ ಅಂತ. ಹುಲ್ಲನ್ನ ಹೊಲದಲ್ಲಿ ಸುಡೋದಕ್ಕಿಂತ ಕರೆಂಟ್ ಮಾಡೋದು ಮೇಲು, ಒಪ್ಪೋಣ. ಆದ್ರೆ ಮಾಫಿಯಾದ ದುಡ್ಡು ಯಾರದ್ದು? ಅದರಿಂದ ಹುಲ್ಲು ಹೊಲ ಬಿಟ್ಟು ಹೊರಡುತ್ತಾ?

ಅಮೆರಿಕದ ಫ್ಲಾರಿಡಾದಲ್ಲಿ ಗೇನ್ಸ್‌ವಿಲ್ ಅಂತ ಒಂದು ಊರಿದೆ. ಅಲ್ಲಿನ ನಗರಾಡಳಿತ 2009ರಲ್ಲಿ ಒಂದು ಖಾಸಗಿ ಕಂಪನಿ ಜೊತೆ 30 ವರ್ಷದ ಒಪ್ಪಂದ ಮಾಡ್ಕೊಂಡಿತು. ಮರದ ಚೂರು ಉರಿಸಿ ಕರೆಂಟ್ ತೆಗೆಯೋ 100 ಮೆಗಾವ್ಯಾಟ್ ಸ್ಥಾವರ 2013ರ ಕೊನೆಗೆ ಶುರುವಾಯ್ತು. ಅಷ್ಟರಲ್ಲಿ ನೈಸರ್ಗಿಕ ಅನಿಲ ಅಗ್ಗವಾಗಿತ್ತು. 2015ರ ಆಗಸ್ಟ್‌ನಲ್ಲಿ ನಗರದವರು ಸ್ಥಾವರವನ್ನ ಸುಮ್ಮನೆ ನಿಲ್ಲಿಸಿದ್ರು. ಆದರೂ ಒಪ್ಪಂದದ ಪ್ರಕಾರ ಕಂಪನಿಗೆ ದುಡ್ಡು ಕೊಡ್ತಾನೇ ಇರಬೇಕಿತ್ತು. ಕೊನೆಗೆ 2017ರಲ್ಲಿ 75 ಕೋಟಿ ಡಾಲರ್ ಕೊಟ್ಟು ಸ್ಥಾವರವನ್ನೇ ಕೊಂಡುಕೊಂಡರು.

ಇಲ್ಲಿ ತೆರಿಗೆಯ ವಿಷಯ ಬರುತ್ತೆ. ಫ್ಲಾರಿಡಾದಲ್ಲಿ ಶಾಲೆಗಳಿಗೂ ಕೌಂಟಿ ಆಡಳಿತಕ್ಕೂ ಆಸ್ತಿ ತೆರಿಗೆಯೇ ದೊಡ್ಡ ಆಧಾರ. ನಗರಾಡಳಿತ ತನ್ನದೇ ಸಾರ್ವಜನಿಕ ಕೆಲಸಕ್ಕೆ ಬಳಸೋ ಸ್ವಂತ ಆಸ್ತಿಗೆ ಅಲ್ಲಿನ ಸಂವಿಧಾನ ಆ ತೆರಿಗೆಯಿಂದ ವಿನಾಯಿತಿ ಕೊಟ್ಟಿದೆ. ಅಂದ್ರೆ ಸ್ಥಾವರದ ಮಾಲೀಕರು ಬದಲಾದರೆ ಸಾಕು, ಅದು ವಿನಾಯಿತಿಗೆ ಅರ್ಹ. ಕರೆಂಟ್ ಬಿಲ್ ಕಟ್ಟೋರಿಗೆ ಉಳಿತಾಯ, ಶಾಲೆಗೆ ಖೋತಾ. ತೆರಿಗೆ ಮಾಫಿ ಅನ್ನೋದು ಸರ್ಕಾರದ ಆದೇಶದ ರೂಪದಲ್ಲೇ ಬರಬೇಕಂತಿಲ್ಲ.

ಇನ್ನೊಂದು ಪಾಠ ಇದೆ. ಬಿಸಿಲಿಗೂ ಗಾಳಿಗೂ ಯಾರೂ ಬಿಲ್ ಕಳಿಸಲ್ಲ. ಸೋಲಾರ್‌ನಲ್ಲಿ ಖರ್ಚೆಲ್ಲ ಬಹುಪಾಲು ಕಟ್ಟೋವಾಗಲೇ ಆಗೋದು, ಅಲ್ಲಿ ಆಸ್ತಿ ತೆರಿಗೆ ಬಿಟ್ಟರೆ ಲೆಕ್ಕ ನಿಜವಾಗಿ ಹಗುರಾಗುತ್ತೆ. ಜೈವಿಕ ಇಂಧನದ ಸ್ಥಾವರಕ್ಕೆ ದಿನಾ ಮೇವು ಬೇಕು. ಒಂದು ಯೂನಿಟ್ ಕರೆಂಟಿಗೆ ಹೆಚ್ಚುಕಮ್ಮಿ ಒಂದು ಕಿಲೋ ಒಣ ಸೊಪ್ಪುಸದೆ. ನಮ್ಮ ಮಂಡ್ಯ ಜಿಲ್ಲೆಯ ಮಳವಳ್ಳಿಯಲ್ಲಿ 4.5 ಮೆಗಾವ್ಯಾಟ್ ಸ್ಥಾವರ ಕಟ್ಟಿದ್ದು ಕಬ್ಬಿನ ಸೋಗೆ, ತೆಂಗಿನ ಗರಿ ನಂಬಿ. ಇಂಥ ಮಾಲು ಲಾರಿ ತುಂಬುತ್ತೆ, ತೂಕ ಬರಲ್ಲ. ಸಾಗಣೆಯೇ ದುಬಾರಿ. ಗೇನ್ಸ್‌ವಿಲ್ ಸ್ಥಾವರ ನಿಂತಿದ್ದೂ ಉರಿಸೋ ಖರ್ಚು ಗಿಟ್ಟದೆ. ಕಟ್ಟಡದ ತೆರಿಗೆ ಸೊನ್ನೆ ಮಾಡಿದ್ರೂ ಆ ಖರ್ಚು ಇಳೀತಿರಲಿಲ್ಲ.

ಕರ್ನಾಟಕದಲ್ಲಿ 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಕಟ್ಟಡದ ತೆರಿಗೆ ಹಾಕೋದು ಗ್ರಾಮ ಪಂಚಾಯ್ತಿ. ಸ್ಥಾವರದ ಲಾರಿಗಳು ಓಡಾಡೋದೂ ಅದೇ ಊರಿನ ರಸ್ತೆಲಿ. ದೂಳು ಕುಡಿಯೋರೂ ಅವರೇ, ತೆರಿಗೆ ಬಿಡೋರೂ ಅವರೇ ಅಂದ್ರೆ ಯಾವ ನ್ಯಾಯ?

ಆದ್ದರಿಂದ ನನ್ನ ಮಾತು ಇಷ್ಟೇ. ನೆರವು ಕೊಡಲಿ, ಆದ್ರೆ ಕಟ್ಟಡ ನೋಡಿ ಬೇಡ, ಹೊಲದಿಂದ ಎತ್ತಿದ ಹುಲ್ಲಿನ ಟನ್ ಲೆಕ್ಕದಲ್ಲಿ ಕೊಡಲಿ. ಭತ್ತದ ಕೊಯ್ಲಿಗೂ ಗೋಧಿ ಬಿತ್ತನೆಗೂ ನಡುವೆ ರೈತನಿಗೆ ಸಿಗೋದು ಎರಡು-ಮೂರು ವಾರ. ಬೇಲ್ ಕಟ್ಟೋ ಯಂತ್ರ, ಟ್ರ್ಯಾಕ್ಟರ್, ದಾಸ್ತಾನು ಜಾಗ ಆ ಹೊತ್ತಿಗೆ ಸಿಗಬೇಕು. ತೆರಿಗೆ ಬಿಡಲೇಬೇಕು ಅಂತಾದ್ರೆ ಅದಕ್ಕೊಂದು ಕೊನೆ ತಾರೀಖು ಇರಲಿ, ಸ್ಥಾವರ ನಿಂತರೆ ವಿನಾಯಿತಿಯೂ ನಿಲ್ಲಲಿ, ಪಂಚಾಯ್ತಿಗಾದ ನಷ್ಟ ರಾಜ್ಯ ತುಂಬಿಕೊಡಲಿ. ಮುಂದಿನ ಸಲ ಇಂಥ ಘೋಷಣೆ ಕೇಳಿದಾಗ ಎಷ್ಟು ಮೆಗಾವ್ಯಾಟ್ ಅಂತ ಕೇಳಬೇಡಿ, ಎಷ್ಟು ಟನ್ ಹುಲ್ಲು ಎತ್ತಿದ್ರಿ ಅಂತ ಕೇಳಿ.