ದಂಡಿನ ಬ್ರೆಡ್ಡು, ನಮ್ಮ ಕೈರುಚಿ

(ಹಲಸೂರಿನ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಇವತ್ತು ನಾವು ತಿಂಡಿಯ ಮಾತು ಆಡೋಣ. ಇಡ್ಲಿ ದೋಸೆಯ ಮಾತಲ್ಲ. ಬ್ರೆಡ್ಡು, ಬನ್ನು, ಕೇಕು, ಪಫ್ಸು, ಕಟ್ಲೆಟ್ಟು, ಇವುಗಳ ಮಾತು. ಇವು ಇಂಗ್ಲಿಷರ ತಿಂಡಿ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಹೌದು, ಅವರ ಜೊತೆ ಬಂದವು. ಆದರೆ ಯಾರ ಕೈಯಲ್ಲಿ ಬೆಂದವು? ಅದನ್ನು ಯಾರೂ ಕೇಳೋದಿಲ್ಲ. ನಾವು ಕೇಳೋಣ.

ನಾವು ಚಿಕ್ಕವರಿದ್ದಾಗ ಬ್ರೆಡ್ ಅಂದರೆ ಜ್ವರದ ಊಟ. ಮನೆಯಲ್ಲಿ ಯಾರಿಗಾದರೂ ಮೈ ಸುಟ್ಟರೆ ಅಪ್ಪ ಬ್ರೆಡ್ ತರುತ್ತಿದ್ದರು. ಬಿಸಿ ಹಾಲಿನಲ್ಲಿ ಅದ್ದಿ ಅಮ್ಮ ತಿನ್ನಿಸುತ್ತಿದ್ದಳು. ಶಿವಾಜಿನಗರದ ಬೌರಿಂಗ್ ಆಸ್ಪತ್ರೆಗೆ ಯಾರನ್ನಾದರೂ ನೋಡೋಕೆ ಹೋದರೆ ಕೈಯಲ್ಲಿ ಒಂದು ಬ್ರೆಡ್ಡು, ನಾಲ್ಕು ಕಿತ್ತಳೆ ಹಣ್ಣು. ಹುಷಾರಾಗಿರೋ ಮಕ್ಕಳಿಗೆ ಬ್ರೆಡ್ ಇಲ್ಲ. 'ನಮಗೂ ಜ್ವರ ಬರಬಾರದಾ' ಅಂತ ಆಸೆ ಪಡುತ್ತಿದ್ದೆವು. ನಗಬೇಡಿ. ನಿಮ್ಮಲ್ಲೂ ಎಷ್ಟೋ ಜನ ಹಾಗೆ ಆಸೆ ಪಟ್ಟವರೇ.

ಈ ಬ್ರೆಡ್ ನಮ್ಮ ಕೇರಿಗೆ ಹೇಗೆ ಬಂತು?

ಕಂಟೋನ್ಮೆಂಟ್ ರೈಲು ನಿಲ್ದಾಣದ ಬೋರ್ಡನ್ನು ನಿಮ್ಮಲ್ಲಿ ಕೆಲವರು ಓದಿದ್ದೀರಿ. ಕನ್ನಡದಲ್ಲಿ 'ಬೆಂಗಳೂರು ದಂಡು' ಅಂತ ಇದೆ. ದಂಡು ಅಂದರೆ ಸೈನ್ಯ. 1799ರಲ್ಲಿ ಇಂಗ್ಲಿಷರು ಟಿಪ್ಪುವನ್ನು ಸೋಲಿಸಿದರು. ಅವರ ದಂಡು ಶ್ರೀರಂಗಪಟ್ಟಣದಲ್ಲಿ ಉಳಿಯಿತು. ಅಲ್ಲಿ ಸೊಳ್ಳೆ, ಜ್ವರ. ಸಿಪಾಯಿಗಳು ಸಾಯತೊಡಗಿದರು. ಅದಕ್ಕೆ 1809ರಲ್ಲಿ ದಂಡನ್ನು ಬೆಂಗಳೂರಿಗೆ ತಂದರು. ಹಲಸೂರಿನ ಪಕ್ಕದ ಬಯಲಿನಲ್ಲಿ ಡೇರೆ ಹಾಕಿದರು. ಆಮೇಲೆ ಬಂಗಲೆ ಬಂದವು, ಚರ್ಚು ಬಂದವು, ಬಜಾರು ಬಂತು. 1864ರಲ್ಲಿ ಮದರಾಸಿನ ಕಡೆಯಿಂದ ರೈಲೂ ಬಂತು.

ಸಿಪಾಯಿ ಬಂದರೆ ಅವನ ಹೊಟ್ಟೆಯೂ ಜೊತೆಗೇ ಬರುತ್ತದೆ, ಅಲ್ವಾ? ಅವನಿಗೆ ರಾಗಿ ಮುದ್ದೆ ಇಳಿಯೋದಿಲ್ಲ. ಬ್ರೆಡ್ ಬೇಕು, ಮಾಂಸ ಬೇಕು, ಬೆಣ್ಣೆ ಬೇಕು. ಹಾಗೆಯೇ ಬಟ್ಟೆ ಒಗೆಯೋರು ಬೇಕು, ಕುದುರೆ ನೋಡೋರು ಬೇಕು, ಅಡುಗೆ ಮಾಡೋರು ಬೇಕು. ತಮಿಳು ಸೀಮೆಯಿಂದ, ತೆಲುಗು ಸೀಮೆಯಿಂದ ಜನ ಗುಳೆ ಬಂದರು. ಅದಕ್ಕೇ ಇವತ್ತಿಗೂ ನಮ್ಮ ಒಂದೇ ಬೀದಿಯಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಎಲ್ಲ ಕೇಳುತ್ತೆ. ನಲ್ಲಿ ಹತ್ತಿರ ಜಗಳ ಆದರೆ ನಾಲ್ಕೂ ಭಾಷೆ ಒಟ್ಟಿಗೇ ಕೇಳುತ್ತೆ!

ಇಂಗ್ಲಿಷರು ತಮ್ಮ ತರಕಾರಿಯನ್ನೂ ತಂದರು. ಕೋಸು, ಹೂಕೋಸು, ಕ್ಯಾರೆಟ್, ಬೀಟ್‌ರೂಟ್. ಹೊರಗಿನಿಂದ ಬಂದ ಪದಾರ್ಥಕ್ಕೆ ನಮ್ಮ ಹಿರಿಯರು 'ಸೀಮೆ' ಅಂತ ಸೇರಿಸಿ ಹೆಸರಿಟ್ಟರು. ಸೀಮೆಎಣ್ಣೆ, ಸೀಮೆ ಹಸು, ಸೀಮೆಬದನೆ. ನಾವು ಈ ಕರಿಹಲಗೆ ಮೇಲೆ ಬರೆಯೋದು ಸೀಮೆಸುಣ್ಣ. ಆದರೆ ತಮಾಷೆ ನೋಡಿ. ಸೀಮೆಬದನೆ ಹುಟ್ಟಿದ್ದು ಅಮೆರಿಕದ ಕಡೆ, ಮೆಕ್ಸಿಕೋದಲ್ಲಿ. ನಮಗೆ ಅದು ಸೀಮೆಯದು. ತಮಿಳರು ಅದನ್ನೇ 'ಬೆಂಗಳೂರು ಕತ್ತರಿಕ್ಕಾಯ್' ಅಂತಾರೆ. ಅಂದರೆ ಬೆಂಗಳೂರು ಬದನೆ. ಎಲ್ಲಿಂದಲೋ ಬಂದ ಕಾಯಿಗೆ ನಮ್ಮ ಊರಿನ ಹೆಸರೇ ಆಯಿತು.

ಆ ತರಕಾರಿ, ಮಾಂಸ, ಮೀನು ಮಾರೋಕೆ ಶಿವಾಜಿನಗರದಲ್ಲಿ ರಸೆಲ್ ಮಾರ್ಕೆಟ್ ಕಟ್ಟಿದರು. 1933ರಲ್ಲಿ ಅದರ ಬಾಗಿಲು ತೆರೆಯಿತು. 2012ರ ಫೆಬ್ರವರಿಯಲ್ಲಿ ಬೆಂಕಿ ಬಿದ್ದು ಎಷ್ಟೋ ಅಂಗಡಿ ಸುಟ್ಟುಹೋದವು. ವ್ಯಾಪಾರಿಗಳು ಬೂದಿ ಗುಡಿಸಿ ಮತ್ತೆ ಕೂತರು.

ಈಗ ಅಡುಗೆಮನೆಗೆ ಬರೋಣ.

ಇಂಗ್ಲಿಷರ ಮನೆಯಲ್ಲಿ ದನದ ಮಾಂಸ, ಹಂದಿ ಮಾಂಸ ಬೇಯುತ್ತಿತ್ತು. ಮೇಲಿನ ಜಾತಿ ಅನ್ನಿಸಿಕೊಂಡವರು ಆ ಒಲೆಯ ಹತ್ತಿರ ಹೋಗುತ್ತಿರಲಿಲ್ಲ. ಹೋದವರು ಊರ ಹೊರಗೆ ಇಟ್ಟಿದ್ದ ಜನ, ಬಡವರು, ಕ್ರೈಸ್ತರು, ಮುಸಲ್ಮಾನರು. ಗಂಡಸರು ಬಟ್ಲರ್ ಆದರು, ಕುಕ್ ಆದರು. ಹೆಂಗಸರು ಆಯಾ ಆದರು, ಮಸಾಲೆ ಅರೆದರು, ಪಾತ್ರೆ ತೊಳೆದರು. ಅವರಿಗೆ ಓದು ಬರುತ್ತಿರಲಿಲ್ಲ. ದೊರೆಸಾನಿ ಪುಸ್ತಕ ನೋಡಿ ಹೇಳೋದು, ಇವರು ಕೇಳಿ ನೆನಪಿಡೋದು. ಇಷ್ಟು ಬೆಣ್ಣೆ, ಇಷ್ಟು ಸಕ್ಕರೆ, ಇಷ್ಟು ಮೊಟ್ಟೆ. ಒಂದು ಸಲ ಕೇಳಿದರೆ ಮುಗಿಯಿತು, ಸಾಯೋವರೆಗೂ ಮರೆಯುತ್ತಿರಲಿಲ್ಲ. ಆದರೆ ಪುಸ್ತಕದಲ್ಲಿ ಹೆಸರು ಬಂದಿದ್ದು ದೊರೆಸಾನಿಯದು.

ಹಾಗಂತ ನಮ್ಮವರು ಹೇಳಿದ್ದನ್ನು ಮಾತ್ರ ಮಾಡಿ ಸುಮ್ಮನಿದ್ದರು ಅನ್ನಬೇಡಿ. ದೊರೆಗೆ ಊಟಕ್ಕೆ ಮೊದಲು ಸೂಪು ಬೇಕು. ನಮ್ಮ ಅಡುಗೆಯಲ್ಲಿ ಸೂಪು ಎಲ್ಲಿದೆ? ಮೆಣಸಿನ ಸಾರು ಇದೆ. ತಮಿಳಿನಲ್ಲಿ 'ಮಿಳಗು ತಣ್ಣೀರ್', ಅಂದರೆ ಮೆಣಸು ನೀರು. ಅದಕ್ಕೇ ಮಾಂಸ ಹಾಕಿ ಬಡಿಸಿದರು. ಅವರ ಬಾಯಲ್ಲಿ ಆ ಹೆಸರು 'ಮಲ್ಲಿಗಟಾನಿ' ಆಯಿತು. ಅದು ಇಂಗ್ಲೆಂಡಿಗೆ ಹೋಗಿ ಅಲ್ಲಿ ದೊಡ್ಡ ಹೋಟೆಲುಗಳಲ್ಲಿ ಸೂಪಾಗಿ ಕೂತಿತು. ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಇವತ್ತಿಗೂ ಪೆಪ್ಪರ್ ವಾಟರ್ ಮಾಡುತ್ತಾರೆ. ಅದು ನಮ್ಮ ಸಾರೇ. ತೆಂಗಿನ ಹಾಲು, ಅರಿಸಿನ ಹಾಕಿ ಹಳದಿ ಅನ್ನ ಮಾಡುತ್ತಾರೆ. ಜೊತೆಗೆ ಖೀಮಾ ಉಂಡೆಯ ಸಾರು, ಅದಕ್ಕೆ ಬಾಲ್ ಕರಿ ಅನ್ನುತ್ತಾರೆ. ಕೆ.ಆರ್. ಪುರದ ಆಚೆ ವೈಟ್‌ಫೀಲ್ಡ್ ಇದೆಯಲ್ಲ, ಅದು 1882ರಲ್ಲಿ ಈ ಆಂಗ್ಲೋ ಇಂಡಿಯನ್ ಜನ ಬೇಸಾಯ ಮಾಡಿ ಬದುಕಲಿ ಅಂತ ಮೈಸೂರು ಮಹಾರಾಜರು ಕೊಟ್ಟ ಜಾಗದಲ್ಲಿ ಆದ ಊರು. ಈಗ ಅಲ್ಲಿ ಕಂಪ್ಯೂಟರ್ ಕಂಪನಿಗಳು.

ಬ್ರೆಡ್ ಉಬ್ಬೋದಕ್ಕೆ ಈಸ್ಟ್ ಬೇಕು. ಆಗ ಈಸ್ಟ್ ಸುಲಭವಾಗಿ ಸಿಗುತ್ತಿರಲಿಲ್ಲ. ಏನು ಮಾಡಿದರು ಗೊತ್ತಾ? ಹೆಂಡ ಹಾಕಿ ಹಿಟ್ಟು ಕಲಸಿದರು! ಮರದಿಂದ ಇಳಿಸಿದ ಹೆಂಡ ತಾನೇ ಹುಳಿ ಬರುತ್ತದೆ, ಹಿಟ್ಟನ್ನೂ ಹುಳಿ ಬರಿಸುತ್ತದೆ. ದೋಸೆ ಹಿಟ್ಟು ರಾತ್ರಿ ಉಬ್ಬುತ್ತದಲ್ಲ, ಅದೇ ಕೆಲಸ. ನಮ್ಮ ಹೆಂಗಸರು ಇಂದಿರಾನಗರದ ಮನೆಗಳಿಗೆ ಕೆಲಸಕ್ಕೆ ಹೋಗುತ್ತಾರೆ. ಅಲ್ಲಿ ಈಗ 'ಸೌರ್‌ಡೋ' ಅಂತ ಒಂದು ಬ್ರೆಡ್ ತರಿಸುತ್ತಾರೆ. ಗಟ್ಟಿ ಸಿಪ್ಪೆ, ಒಂದಕ್ಕೆ ನೂರಾರು ರೂಪಾಯಿ. ನಮ್ಮ ಒಬ್ಬ ಅಕ್ಕ ಹೆದರಿಕೊಂಡೇ ಒಂದು ಚೂರು ತಿಂದು ಬಂದು ಹೇಳಿದಳು, "ಅಯ್ಯೋ, ಹುಳಿ ಹಿಟ್ಟು ಕಣ್ರೇ!" ಸರಿಯಾಗೇ ಹೇಳಿದಳು. ಸೌರ್ ಅಂದರೆ ಹುಳಿ, ಡೋ ಅಂದರೆ ಕಲಸಿದ ಹಿಟ್ಟು.

ಬೇಕರಿಗಳ ಮಾತು. ಫ್ರೇಜರ್ ಟೌನಿನ ಮಾಸ್ಕ್ ರೋಡಿನಲ್ಲಿ ಆಲ್ಬರ್ಟ್ ಬೇಕರಿ ಇದೆ. 1902ರಿಂದ ಇದೆ. ರಂಜಾನ್ ತಿಂಗಳಲ್ಲಿ ಸಂಜೆ ಅಲ್ಲಿ ಕಾಲಿಡೋಕೆ ಜಾಗ ಇರೋದಿಲ್ಲ. ಪೇಟೆ ಕಡೆ ಹೋದರೆ ಅಯ್ಯಂಗಾರ್ ಬೇಕರಿ. ಹಾಸನ ಸೀಮೆಯಿಂದ ಬಂದವರು 1898ರಲ್ಲಿ ಚಿಕ್ಕಪೇಟೆಯಲ್ಲಿ ಮೊದಲನೆಯದು ಶುರು ಮಾಡಿದರು. ಬೇಯಿಸೋ ಕಸುಬನ್ನು ಅವರಿಗೆ ಒಬ್ಬ ಇಂಗ್ಲಿಷ್ ಗಿರಾಕಿ ಹೇಳಿಕೊಟ್ಟ ಅಂತ ಅವರ ಮನೆತನದಲ್ಲಿ ಹೇಳುತ್ತಾರೆ. ಅವರು ಮೊಟ್ಟೆ ಬಿಟ್ಟರು. ಬನ್ನಿಗೆ ಹಸಿಮೆಣಸಿನಕಾಯಿ, ಈರುಳ್ಳಿ, ಕೊತ್ತಂಬರಿ ಸೊಪ್ಪು ಹಾಕಿದರು. ಖಾರಾ ಬನ್ ಆಯಿತು. ನಮ್ಮನ್ನು ಕೇಳಿದರೆ, ಇಂಗ್ಲಿಷರ ಸಪ್ಪೆ ಬನ್ನಿಗಿಂತ ಇದೇ ಸೈ.

ಇಂಗ್ಲೆಂಡಿನ ಒಂದು ತಿಂಡಿಯ ಕತೆ ನಿಮಗೆ ಹೇಳಲೇಬೇಕು. ಅಲ್ಲಿ ಕಾರ್ನ್‌ವಾಲ್ ಅಂತ ಒಂದು ಮೂಲೆ ಸೀಮೆ. ಅಲ್ಲಿನ ಗಂಡಸರು ತವರದ ಗಣಿ, ತಾಮ್ರದ ಗಣಿಯಲ್ಲಿ ದುಡಿಯುತ್ತಿದ್ದರು. ಕೋಲಾರದ ಚಿನ್ನದ ಗಣಿಯನ್ನು 1880ರಲ್ಲಿ ಜಾನ್ ಟೇಲರ್ ಕಂಪನಿ ಹಿಡಿಯಿತು. ಆಗ ಆ ಸೀಮೆಯ ಗಣಿ ಕೆಲಸಗಾರರು ಕೆ.ಜಿ.ಎಫ್‌ಗೂ ಬಂದರು. ನಿಮ್ಮಲ್ಲಿ ಕೆಲವರ ತವರು ಕೆ.ಜಿ.ಎಫ್. 2001ರಲ್ಲಿ ಗಣಿ ಮುಚ್ಚಿದ ಮೇಲೆ ನಿಮ್ಮ ಅಣ್ಣ ತಮ್ಮಂದಿರು ಬಂಗಾರಪೇಟೆ, ಕೆ.ಆರ್. ಪುರದ ಮೇಲೆ ರೈಲು ಹಿಡಿದು ದಂಡಿಗೆ ಕೂಲಿಗೆ ಬಂದವರು. ಆದ್ದರಿಂದ ಈ ಕತೆ ನಿಮಗೂ ಸೇರಿದ್ದು.

ಕಾರ್ನ್‌ವಾಲಿನ ಹೆಂಗಸರು ಗಂಡಂದಿರಿಗೆ ಬುತ್ತಿ ಕಟ್ಟಬೇಕು. ಗಣಿಯಲ್ಲಿ ತಟ್ಟೆ ಇಲ್ಲ, ಕೈ ತೊಳೆಯೋಕೆ ನೀರಿಲ್ಲ. ಅವರು ಏನು ಮಾಡುತ್ತಿದ್ದರು? ನಾವು ಕರಿಗಡುಬು ಮಾಡುತ್ತೇವಲ್ಲ, ಅದೇ ಆಕಾರ. ಅಂಗೈಗಿಂತ ದೊಡ್ಡದು. ಒಳಗೆ ಮಾಂಸ, ಆಲೂಗೆಡ್ಡೆ, ಈರುಳ್ಳಿ. ಅಂಚನ್ನು ಹಗ್ಗದ ಹಾಗೆ ದಪ್ಪಗೆ ಮಡಿಚಿ ಬೇಯಿಸೋದು. ಹೆಸರು ಪ್ಯಾಸ್ಟಿ. ಎಲ್ಲರ ಬುತ್ತಿಯೂ ಒಂದೇ ಥರ ಕಾಣುತ್ತದೆ. ಅದಲುಬದಲು ಆಗಬಾರದು. ಅದಕ್ಕೆ ಹಿಟ್ಟಿನಲ್ಲೇ ಒಂದು ಅಕ್ಷರ ಮಾಡಿ ಮೂಲೆಗೆ ಅಂಟಿಸುತ್ತಿದ್ದರು. ತಿನ್ನೋನ ಹೆಸರಿನ ಮೊದಲ ಅಕ್ಷರ! ಅರ್ಧ ತಿಂದು ಇಟ್ಟರೂ ಅಕ್ಷರ ಉಳಿದಿರುತ್ತೆ, ಯಾರದು ಅಂತ ಗೊತ್ತಾಗುತ್ತೆ.

ಈ ಕತೆ ಹೇಳಿದ ದಿನ ನಮ್ಮ ಕೇಂದ್ರದ ಒಬ್ಬ ಅಜ್ಜಿ ಸುಮ್ಮನಾಗಿಬಿಟ್ಟರು. ಆಮೇಲೆ ತಮ್ಮ ಕತೆ ಹೇಳಿದರು.

ಅಜ್ಜಿ ವಯಸ್ಸಿನಲ್ಲಿ ಕಾಕ್ಸ್ ಟೌನಿನ ಒಂದು ಆಂಗ್ಲೋ ಇಂಡಿಯನ್ ಮನೆಯಲ್ಲಿ ಕೆಲಸಕ್ಕಿದ್ದರು. ಪ್ರತಿ ಡಿಸೆಂಬರ್ ಕ್ರಿಸ್‌ಮಸ್ ಕೇಕಿಗೆ ಹಣ್ಣು ಹೆಚ್ಚೋರು ಇವರು, ಬೆಣ್ಣೆ ಸಕ್ಕರೆ ತಿರುವೋರು ಇವರು. ಒಂದು ಗಂಟೆ ತಿರುವಿದರೆ ತೋಳು ಬಿದ್ದುಹೋಗುತ್ತೆ. ಕೊನೆಗೆ ಕೈಗೆ ಸಿಗುತ್ತಿದ್ದುದು ಒಂದು ತುಂಡು. ಆ ಮನೆಯವರು ಆಸ್ಟ್ರೇಲಿಯಾಕ್ಕೆ ಹೊರಟುಹೋದರು. ಅಜ್ಜಿಗೆ ಆಸೆ ಆಯಿತು, ಈ ವರ್ಷ ನಮ್ಮ ಮನೆಗೇ ಒಂದು ಕೇಕು ಮಾಡೋಣ ಅಂತ. ದುಡ್ಡು ಕೂಡಿಟ್ಟು ದ್ರಾಕ್ಷಿ, ಗೋಡಂಬಿ, ಬೆಣ್ಣೆ ತಂದರು. ಮಕ್ಕಳನ್ನೆಲ್ಲ ಕೂರಿಸಿಕೊಂಡು ಹಿಟ್ಟು ತಿರುವಿದರು.

ಮನೆಯಲ್ಲಿ ಕೇಕು ಬೇಯಿಸೋ ಒಲೆ ಇಲ್ಲ. ಆಗೆಲ್ಲ ಕ್ರಿಸ್‌ಮಸ್ ಹೊತ್ತಿಗೆ ಹಿಟ್ಟಿನ ಡಬ್ಬಿ ಬೇಕರಿಗೆ ಒಯ್ಯೋದು, ಕೂಲಿ ಕೊಟ್ಟರೆ ಅವರ ಸೌದೆ ಒಲೆಯಲ್ಲಿ ಬೇಯಿಸಿ ಕೊಡೋರು. ಡಬ್ಬಿಗೆ ಹೆಸರಿನ ಚೀಟಿ. ಅಜ್ಜಿಗೆ ಬರೆಯೋಕೆ ಬರಲ್ಲ. ಬೇಕರಿಯ ಹುಡುಗನೇ ಏನೋ ಗೀಚಿ ಇಟ್ಟ. ಸಂಜೆ ಹೋದರೆ ಸಾಲಾಗಿ ನಲವತ್ತು ಡಬ್ಬಿ, ಎಲ್ಲ ಒಂದೇ ಥರ. ಹುಡುಗ ಒಂದನ್ನು ಕೈಗಿಟ್ಟ. ಮನೆಗೆ ಬಂದು ಕೊಯ್ದರೆ ದ್ರಾಕ್ಷಿ ಇಲ್ಲ, ಗೋಡಂಬಿ ಇಲ್ಲ, ತಳ ಬೇರೆ ಹತ್ತಿದೆ. ತಿರುಗಿ ಓಡಿದರು. ಅಲ್ಲಿದ್ದವರು ಕೇಳಿದ್ದು ಒಂದೇ ಮಾತು: "ಚೀಟಿ ನೋಡ್ಕೊಂಡು ತಗೋಬಾರ್ದಾ?"

"ಆ ಮಾತಿಗೆ ನಂಗೆ ಉತ್ತರ ಬರ್ಲಿಲ್ಲಮ್ಮಾ," ಅಂದರು ಅಜ್ಜಿ. "ಕೇಕು ಹೋಗಿದ್ದಕ್ಕೆ ಅಷ್ಟು ಅಳು ಬರ್ಲಿಲ್ಲ."

ಆಮೇಲೆ ಅವರು ಕೇಕು ಮಾಡಲೇ ಇಲ್ಲ. ಆದರೆ ಅಳತೆ ಒಂದೂ ಮರೆತಿರಲಿಲ್ಲ. ಒಂದು ಪೌಂಡ್ ಬೆಣ್ಣೆ, ಒಂದು ಪೌಂಡ್ ಸಕ್ಕರೆ ಅಂತ ಹೇಳುತ್ತಾ ಹೋದರು. ನಾವು ಬರೆದುಕೊಂಡೆವು. ಆಮೇಲೆ ಅವರೇ ನೋಡಿ ನೋಡಿ ತಮ್ಮ ಪುಸ್ತಕದಲ್ಲಿ ಬರೆದರು. ಎರಡು ದಿನ ಹಿಡಿಯಿತು.

ಆಗ ಈ ಪೌಂಡಿನ ಲೆಕ್ಕ ಬಂತು. ನಮ್ಮ ದೇಶದಲ್ಲಿ 1956ರಲ್ಲಿ ಕಾಯ್ದೆ ಮಾಡಿ ಕಿಲೋ, ಗ್ರಾಂ ತಂದರು. ಪೌಂಡು, ಸೇರು ಎಲ್ಲ ಹೋದವು. ಆದರೂ ಅಂಗಡಿಯಲ್ಲಿ "ಒಂದು ಪೌಂಡ್ ಬ್ರೆಡ್ ಕೊಡಿ" ಅಂತಲೇ ಕೇಳುತ್ತೇವೆ. ಒಂದು ಪೌಂಡ್ ಅಂದರೆ ಸುಮಾರು 454 ಗ್ರಾಂ. ಪ್ಯಾಕೆಟ್ ತಿರುಗಿಸಿ ನೋಡಿ. 400 ಅಂತ ಇದ್ದರೆ ಅದು ಪೌಂಡಲ್ಲ, 54 ಗ್ರಾಂ ಕಡಿಮೆ. ಮಾತು ಇಂಗ್ಲಿಷಿನಲ್ಲಿ ಇರಬಹುದು. ಅಂಕಿ ನಿಮಗೆ ಬರುತ್ತದಲ್ಲ! ತೂಕ, ಬೆಲೆ, ತಯಾರಾದ ದಿನ, ಮೂರನ್ನೂ ನೋಡಿ. ತಾರೀಕು ಹಳೆಯದಾದರೆ ಮುಲಾಜಿಲ್ಲದೆ ವಾಪಸು ಕೊಡಿ.

ಕಳೆದ ಡಿಸೆಂಬರಿನಲ್ಲಿ ನಾವೆಲ್ಲ ಐವತ್ತು ಐವತ್ತು ರೂಪಾಯಿ ಹಾಕಿದೆವು. ಅಜ್ಜಿ ಹೇಳಿದ ಹಾಗೆ ಹಿಟ್ಟು ತಿರುವಿದೆವು. ಮೂರು ಜನರ ತೋಳು ನೋವು ಬಂತು. ಕೇಂದ್ರದಲ್ಲಿ ಒಲೆ ಇಲ್ಲ. ಒಂದು ಹಳೆಯ ಬೇಕರಿಯವರು ಒಪ್ಪಿಕೊಂಡರು. ಅಜ್ಜಿ ಚೀಟಿಯ ಮೇಲೆ ತಮ್ಮ ಹೆಸರನ್ನು ತಾವೇ ಬರೆದರು. ದೊಡ್ಡ ಅಕ್ಷರ, ಸ್ವಲ್ಪ ಸೊಟ್ಟ. ಡಬ್ಬಿಗೆ ತಂತಿ ಸುತ್ತಿ ಕಟ್ಟಿದರು.

ಬೇಕರಿಯಲ್ಲಿದ್ದ ಹುಡುಗ ಉತ್ತರದ ಕಡೆಯಿಂದ ಬಂದವನು. ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಅಜ್ಜಿ, ಕನ್ನಡ ಓದೋಕೆ ನಂಗೆ ಬರಲ್ಲ," ಅಂದ.

"ನೀನು ಬೇಯಿಸಪ್ಪ ಸಾಕು," ಅಂದರು ಅಜ್ಜಿ. "ಸಂಜೆ ಬಂದು ನಾನೇ ಓದ್ಕೋತೀನಿ."