ಬಾಣಂತಿಯ ನಲವತ್ತು ದಿನ



ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂಬ ಮಾತು ನಮ್ಮ ಮನೆಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಅದರ ಹಿಂದೆ ಎಷ್ಟು ಸಾವುಗಳ ನೆನಪಿದೆಯೆಂದು ನಾವು ಯೋಚಿಸುವುದು ಕಡಿಮೆ. 2018-20ರ ಅವಧಿಯ ಸರ್ಕಾರಿ ಗಣನೆಯಂತೆ, ಒಂದು ಲಕ್ಷ ಜೀವಂತ ಜನನಗಳಿಗೆ ಭಾರತದಲ್ಲಿ 97, ಕರ್ನಾಟಕದಲ್ಲಿ 69 ತಾಯಂದಿರು ತೀರಿಕೊಂಡರು. ಹಿಂದಿನ ದಶಕಗಳಿಗೆ ಹೋಲಿಸಿದರೆ ಇದು ದೊಡ್ಡ ಇಳಿಕೆಯೇ ಸರಿ. ಆದರೂ ಈ ಸಾವುಗಳಲ್ಲಿ ಬಹುಪಾಲು ತಪ್ಪಿಸಬಹುದಾದುವು.

ಅಪಾಯದ ಕಾರಣಗಳಲ್ಲಿ ಹಲವು ಬಸಿರಿನಲ್ಲಿಯೇ ಗೋಚರಿಸುತ್ತವೆ. ಮೊದಲನೆಯದು ರಕ್ತಹೀನತೆ. ಗರ್ಭಿಣಿಯ ರಕ್ತದಲ್ಲಿ ಹಿಮೊಗ್ಲೋಬಿನ್ 11 ಗ್ರಾಮಿಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿಗೆ ಈ ಕೊರತೆಯಿತ್ತು. ಮೊದಲೇ ರಕ್ತವಿಲ್ಲದವಳು ಹೆರಿಗೆಯ ರಕ್ತಸ್ರಾವವನ್ನು ತಾಳಲಾರಳು. ಎರಡನೆಯದು ರಕ್ತದ ಒತ್ತಡ. ಅದು 140/90ನ್ನು ಮುಟ್ಟಿದರೆ ವೈದ್ಯರ ನಿಗಾ ಬೇಕೇ ಬೇಕು. ತೀರ ಎಳೆಯ ಪ್ರಾಯ, ಒಂದರ ಹಿಂದೊಂದು ಹೆರಿಗೆ, ಸಕ್ಕರೆ ಕಾಯಿಲೆ, ಅವಳಿ ಗರ್ಭ, ಹಿಂದಿನ ಹೆರಿಗೆಯ ತೊಡಕು ಇವೂ ಅಪಾಯವನ್ನು ಹೆಚ್ಚಿಸುತ್ತವೆ. ಇವಾವುವೂ ಇಲ್ಲದ ಆರೋಗ್ಯವಂತೆಗೂ ಹೆರಿಗೆಯ ತರುವಾಯ ರಕ್ತ ನಿಲ್ಲದೆ ಹೋಗಬಹುದು. ಆದಕಾರಣ ಎಚ್ಚರ ಎಲ್ಲರಿಗೂ ಬೇಕು.

ಮಗು ಹುಟ್ಟಿದೊಡನೆ ಮನೆಯವರೆಲ್ಲರ ಕಣ್ಣು ತೊಟ್ಟಿಲ ಕಡೆಗೆ ತಿರುಗುತ್ತದೆ. ತಾಯಿಗೆ ಅತ್ಯಂತ ಗಂಡಾಂತರದ ಕಾಲ ಆರಂಭವಾಗುವುದು ಆಗಲೇ. ಮೊದಲ ಇಪ್ಪತ್ತನಾಲ್ಕು ಗಂಟೆ ರಕ್ತಸ್ರಾವದ ಭಯ. ಅನಂತರದ ದಿನಗಳಲ್ಲಿ ನಂಜು, ಏರಿದ ಒತ್ತಡ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ರಕ್ತ. ವೈದ್ಯಶಾಸ್ತ್ರ ಈ ಅವಧಿಯನ್ನು 42 ದಿನವೆಂದು ಎಣಿಸುತ್ತದೆ. ನಮ್ಮ ಹಿರಿಯರ ಬಾಣಂತನವೂ ಹೆಚ್ಚುಕಡಿಮೆ ಅಷ್ಟೇ ದಿನಗಳದು.

ಬಾಣಂತನದಲ್ಲಿ ಉಳಿಸಿಕೊಳ್ಳಬೇಕಾದುದು ಬಹಳವಿದೆ: ತವರಿನ ಆರೈಕೆ, ವಿಶ್ರಾಂತಿ, ಹೊತ್ತುಹೊತ್ತಿಗೆ ಬಿಸಿಯೂಟ. ಬಿಡಬೇಕಾದುದೂ ಇದೆ. ನೀರು ಕುಡಿದರೆ ಶೀತವಾಗುತ್ತದೆಂದು ಬಾಣಂತಿಯ ಬಾಯಾರಿಸುವುದು, ಸೊಪ್ಪು ಹಣ್ಣುಗಳನ್ನು ನಿಷೇಧಿಸುವುದು, ಹೊಗೆ ತುಂಬಿದ ಕೋಣೆಯಲ್ಲಿ ಅಲುಗಾಡದಂತೆ ಮಲಗಿಸುವುದು ಇವು ಹಿತವಲ್ಲ. ನೀರಿನ ಕೊರತೆ, ಚಲನೆಯ ಕೊರತೆ ಎರಡೂ ಸೇರಿದರೆ ರಕ್ತ ಹೆಪ್ಪುಗಟ್ಟುವುದು ಸುಲಭ. ಕಬ್ಬಿಣಾಂಶದ ಮಾತ್ರೆಯನ್ನು ಹೆರಿಗೆಯಾದ ಮೇಲೂ 180 ದಿನ ಸೇವಿಸಬೇಕು.

ಭಾಷೆಯ ವಿದ್ಯಾರ್ಥಿಯಾಗಿ ಒಂದು ಪದದ ಬಗ್ಗೆ ಹೇಳಬೇಕೆನಿಸುತ್ತದೆ. ಅದು 'ಬಾಣಂತಿ ಸನ್ನಿ'. ನಂಜಿನ ಜ್ವರದಲ್ಲಿ ಬಡಬಡಿಸುವುದು, ಒತ್ತಡವೇರಿ ಬರುವ ಸೆಳವು, ಹೆರಿಗೆಯ ನಂತರದ ಮನೋವಿಕಾರ, ಎಲ್ಲವನ್ನೂ ಜನ ಈ ಒಂದೇ ಹೆಸರಿನಿಂದ ಕರೆದರು. ಇವು ಬೇರೆ ಬೇರೆ ರೋಗಗಳು, ಪ್ರತಿಯೊಂದಕ್ಕೂ ಚಿಕಿತ್ಸೆಯಿದೆ. ಒಂದೇ ಹೆಸರಿಟ್ಟು ಮಂತ್ರ ಹಾಕಿಸುತ್ತ ಕುಳಿತರೆ ಚಿಕಿತ್ಸೆಯ ಗಳಿಗೆ ಮೀರಿಹೋಗುತ್ತದೆ.

ಗಂಟೆಯೊಳಗೆ ಬಟ್ಟೆ ಪೂರ್ತಿ ತೊಯ್ಯುವಷ್ಟು ರಕ್ತ, ಜ್ವರ, ದುರ್ವಾಸನೆಯ ಸ್ರಾವ, ತಾಳಲಾರದ ತಲೆನೋವು, ಕಣ್ಣು ಮಂಜಾಗುವುದು, ಒಂದೇ ಕಾಲಿನ ಬಾವು, ಉಸಿರಿನ ಕಷ್ಟ, ಅಳು ನಿಲ್ಲದ ಮನಸ್ಸು - ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗಲೆಂದು ಕಾಯಬಾರದು. ಆಗಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಮಗು ಹಾಲು ಕುಡಿಯಿತೆ ಎಂದು ಕೇಳುವ ನಾವು, ನಿನಗೆ ಹೇಗಿದೆಯಮ್ಮ ಎಂದು ತಾಯಿಯನ್ನೂ ದಿನವೂ ಕೇಳೋಣ. ಅವಳ ಉತ್ತರವನ್ನು ನಂಬೋಣ.