ಸ್ವಪ್ರಯತ್ನ ಮತ್ತು ಸಹವಾಸ

(ಶತಮಾನೋತ್ಸವದ ಅಂಗವಾಗಿ ಜರುಗಿದ ಯುವಜನರ ಹಾಗೂ ಪೋಷಕರ ಸಭೆಯಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣ)



ನೂರು ವರ್ಷಗಳ ಹಿಂದೆ ಈ ಸ್ಥಳದಲ್ಲಿ ದೇವಾಲಯವೊಂದು ತಲೆಯೆತ್ತಿ ನಿಂತಿತೆಂದರೆ ಅದಕ್ಕೆ ಎರಡು ಕಾರಣಗಳಿರಲೇಬೇಕು. ಇದು ಆಗಲೇಬೇಕೆಂದು ಮನಸ್ಸು ಮಾಡಿ ಯಾರೋ ಮೊದಲು ಎದ್ದು ನಿಂತರು. ಎದ್ದು ನಿಂತವರ ಪಕ್ಕದಲ್ಲಿ ಕಲ್ಲು ಹೊರಲು, ಗಾರೆ ಅರೆಯಲು, ಕಾಸಿಗೆ ಕಾಸು ಕೂಡಿಸಲು ಇನ್ನು ಕೆಲವರು ಬಂದು ಸೇರಿದರು. ಮೊದಲನೆಯದಿಲ್ಲದಿದ್ದರೆ ಕೆಲಸ ಪ್ರಾರಂಭವಾಗುತ್ತಿರಲಿಲ್ಲ. ಎರಡನೆಯದಿಲ್ಲದಿದ್ದರೆ ತಳಪಾಯದಿಂದ ಮೇಲೇಳುತ್ತಿರಲಿಲ್ಲ. ದೇವಾಲಯಕ್ಕೆ ಸಲ್ಲುವ ಈ ಮಾತು ಮನುಷ್ಯನ ಬಾಳಿಗೂ ಸಲ್ಲುತ್ತದೆ. ಆದುದರಿಂದ ಸ್ವಪ್ರಯತ್ನ ಮತ್ತು ಸಹವಾಸವೆಂಬ ಈ ಎರಡು ವಿಷಯಗಳನ್ನು ಕುರಿತು ನಾವೆಲ್ಲರೂ ಇಂದು ಕೊಂಚ ಹೊತ್ತು ಆಲೋಚಿಸೋಣ.

ಶುಭಸಂದೇಶದಲ್ಲಿ ಇಬ್ಬರು ರೋಗಿಗಳು ನಮಗೆ ಎದುರಾಗುತ್ತಾರೆ. ಒಬ್ಬನು ಜೆರುಸಲೇಮಿನ ಬೆತ್ಸಥಾ ಕೊಳದ ಬಳಿ ಬಿದ್ದಿದ್ದವನು. 38 ವರ್ಷಗಳಿಂದ ರೋಗಪೀಡಿತನಾಗಿದ್ದ ಅವನನ್ನು ನೀರು ಕದಡಿದಾಗ ಕೊಳಕ್ಕಿಳಿಸಲು ಯಾರೊಬ್ಬರೂ ಇರಲಿಲ್ಲ. ಇನ್ನೊಬ್ಬನು ಕಫರ್ನಾವುಮಿನ ಪಾರ್ಶ್ವವಾಯು ರೋಗಿ. ಅವನಿಗಾದರೋ ನಾಲ್ವರು ಸಂಗಾತಿಗಳಿದ್ದರು. ಬಾಗಿಲಲ್ಲಿ ಜನಜಂಗುಳಿಯನ್ನು ಕಂಡು ಅವರು ಹಿಂದಿರುಗಲಿಲ್ಲ. ಮನೆಯ ಮೇಲೇರಿ, ಮಾಡನ್ನು ತೆಗೆದು, ಹಾಸಿಗೆ ಸಮೇತ ಅವನನ್ನು ಸ್ವಾಮಿಯ ಮುಂದೆ ಇಳಿಸಿದರು. ಸ್ವಾಮಿ ಆ ರೋಗಿಯ ವಿಶ್ವಾಸವನ್ನಷ್ಟೇ ಅಲ್ಲ, ಹೊತ್ತು ತಂದವರ ವಿಶ್ವಾಸವನ್ನೂ ಕಂಡರೆಂದು ಸಂತ ಮಾರ್ಕರು ಬರೆದಿರುವುದನ್ನು ನಾವು ಗಮನಿಸಬೇಕು. ಒಳ್ಳೆಯ ಸಂಗಾತಿಗಳ ಬೆಲೆ ಎಷ್ಟೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಹಾಗಾದರೆ ಸಂಗಾತಿಗಳಿಲ್ಲದವನ ಗತಿಯೇನು? ಬೆತ್ಸಥಾದ ರೋಗಿಯನ್ನೂ ಸ್ವಾಮಿ ಕೈಬಿಡಲಿಲ್ಲ. ಆದರೆ ಗುಣಪಡಿಸುವ ಮುನ್ನ, ಗುಣಹೊಂದುವ ಮನಸ್ಸು ನಿನಗುಂಟೆ ಎಂದು ಕೇಳಿದರು; ಗುಣಪಡಿಸುವಾಗಲೂ ಎದ್ದು ಹಾಸಿಗೆಯನ್ನು ಹೊತ್ತು ನಡೆಯುವಂತೆ ಆಜ್ಞಾಪಿಸಿದರು. ದೇವರ ಕೃಪೆ ಮನುಷ್ಯನನ್ನು ಎಬ್ಬಿಸುತ್ತದೆ. ಆದರೆ ಅವನ ಮನಸ್ಸನ್ನು ಕೇಳದೆ ಎಬ್ಬಿಸುವುದಿಲ್ಲ, ಅವನ ಹಾಸಿಗೆಯನ್ನು ಬೇರೆಯವರಿಂದ ಹೊರಿಸುವುದೂ ಇಲ್ಲ.

ಈ ತತ್ತ್ವವು ಒಬ್ಬ ಮನುಷ್ಯನ ಬಾಳಿನಲ್ಲಿ ಹೇಗೆ ಕೆಲಸ ಮಾಡಿತೆಂಬುದನ್ನು ತಿಳಿಯಬೇಕಾದರೆ ನಾವು ಲೊಯೋಲದ ಸಂತ ಇಗ್ನೇಷಿಯಸರ ಚರಿತ್ರೆಯನ್ನು ನೋಡಬೇಕು. 1521ರ ಮೇ ತಿಂಗಳಲ್ಲಿ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿಯ ಗುಂಡು ತಗುಲಿ ಅವರ ಕಾಲು ಮುರಿಯಿತು. ಹಾಸಿಗೆ ಹಿಡಿದು ಮಲಗಿದ್ದಾಗ ವೀರಕಥೆಗಳ ಪುಸ್ತಕಗಳನ್ನು ಬೇಡಿದರು. ಅವು ಆ ಮನೆಯಲ್ಲಿರಲಿಲ್ಲ. ದೊರೆತದ್ದು ಕ್ರಿಸ್ತರ ಜೀವನಚರಿತ್ರೆ ಮತ್ತು ಸಂತರ ಚರಿತ್ರೆ. ಪುಸ್ತಕವೂ ಒಂದು ಸಹವಾಸವೇ ಎಂಬುದಕ್ಕೆ ಇದೊಂದು ನಿದರ್ಶನ. ಅವುಗಳನ್ನು ಓದುತ್ತ ಓದುತ್ತ ಆ ಯೋಧನ ಮನಸ್ಸು ತಿರುಗಿತು.

ಮನಸ್ಸು ತಿರುಗಿದರೆ ಸಾಕೆ? ಆತ್ಮಗಳಿಗೆ ಸಹಾಯ ಮಾಡಬೇಕಾದರೆ ವಿದ್ಯೆ ಬೇಕೆಂದು ಅವರು ಕಂಡುಕೊಂಡರು. ವಿದ್ಯೆಯೆಂದರೆ ಅಂದು ಲತೀನ್ ಭಾಷೆ. ಅದೇ ಅವರಿಗೆ ಬಾರದು. ವಯಸ್ಸು ಮೂವತ್ತು ದಾಟಿತ್ತು. ಆದರೂ 1524ರಲ್ಲಿ ಬಾರ್ಸೆಲೋನಾ ನಗರದಲ್ಲಿ ಚಿಕ್ಕ ಹುಡುಗರು ಕಲಿಯುವ ಲತೀನ್ ವ್ಯಾಕರಣವನ್ನು ಮೊದಲ ಪಾಠದಿಂದ ಕಲಿಯಲು ತೊಡಗಿದರು. ಕುಲೀನ ಮನೆತನದವರು, ಖಡ್ಗ ಹಿಡಿದಿದ್ದವರು! ಜನರು ನಕ್ಕಾರೆಂಬ ಭಯವಾಗಲಿ, ಕಾಲ ಮೀರಿತೆಂಬ ನೆಪವಾಗಲಿ ಅವರನ್ನು ತಡೆಯಲಿಲ್ಲ. ತರುವಾಯ ಅಲ್ಕಲಾ, ಸಲಮಾಂಕಾ ನಗರಗಳಲ್ಲಿ ಓದಿ, 1528ರ ಫೆಬ್ರವರಿಯಲ್ಲಿ ಪ್ಯಾರಿಸ್ ನಗರವನ್ನು ಸೇರಿದರು. ಭಿಕ್ಷೆ ಬೇಡಿ ಓದಿದರು.

ಪ್ರಿಯ ಯುವಜನರೇ, ನಮ್ಮಲ್ಲಿ ಅನೇಕರು ಪರೀಕ್ಷೆಯಲ್ಲಿ ಒಮ್ಮೆ ಅನುತ್ತೀರ್ಣರಾದೊಡನೆ ವಿದ್ಯೆ ನಮ್ಮ ಹಣೆಯಲ್ಲಿ ಬರೆದಿಲ್ಲವೆಂದು ಪುಸ್ತಕವನ್ನು ಮೂಲೆಗೆಸೆಯುತ್ತೇವೆ. ಕೆಲಸ ದೊರೆಯಲಿಲ್ಲವೆಂದು ಜಗಲಿಯ ಮೇಲೆ ಕುಳಿತು ಸರ್ಕಾರವನ್ನೂ ಅದೃಷ್ಟವನ್ನೂ ದೂರುತ್ತೇವೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂದು ನಮ್ಮ ಹಿರಿಯರು ಹೇಳಿದರು. ಕೂತು ಕೊರಗುವವನಿಗೆ ಆಯುಷ್ಯವೂ ಸಾಲದೆಂದು ನಾವು ಅದಕ್ಕೆ ಸೇರಿಸಬಹುದು.

ಈಗ ಎರಡನೆಯ ಮಾತಿಗೆ ಬರೋಣ. ಸ್ಪೇನಿನಲ್ಲಿದ್ದಾಗಲೇ ಕೆಲವು ಸಂಗಡಿಗರು ಇಗ್ನೇಷಿಯಸರನ್ನು ಕೂಡಿಕೊಂಡಿದ್ದರು. ಆದರೆ ಆ ಗುಂಪು ಉಳಿಯಲಿಲ್ಲ, ಚದುರಿಹೋಯಿತು. ಪ್ಯಾರಿಸಿನಲ್ಲಿ ಸಂಗವು ನಿಧಾನವಾಗಿ ಬೆಳೆಯಿತು. 1529ರಲ್ಲಿ ಸಂತ ಬಾರ್ಬರಾ ವಿದ್ಯಾಲಯದಲ್ಲಿ ಅವರಿಗೆ ದೊರೆತ ಕೊಠಡಿಯಲ್ಲಿ ಇಬ್ಬರು ತರುಣರಿದ್ದರು. ಒಬ್ಬರು ಸವೊಯ್ ಪ್ರಾಂತ್ಯದ ಪೀಟರ್ ಫಾಬರ್. ಬಾಲ್ಯದಲ್ಲಿ ಕುರಿ ಕಾಯುತ್ತಿದ್ದವರು. ಇನ್ನೊಬ್ಬರು ನವಾರದ ಕುಲೀನ ಮನೆತನದ ಫ್ರಾನ್ಸಿಸ್ ಕ್ಸೇವಿಯರ್. ಇಬ್ಬರೂ 1506ರಲ್ಲಿ ಹುಟ್ಟಿದವರು. ಇಗ್ನೇಷಿಯಸರಿಗಿಂತ ಸುಮಾರು ಹದಿನೈದು ವರ್ಷ ಕಿರಿಯರು. ತಮಗಿಂತ ಕಿರಿಯರಾದ ಫಾಬರರಿಂದ ಇಗ್ನೇಷಿಯಸರು ತತ್ತ್ವಶಾಸ್ತ್ರದ ಪಾಠ ಹೇಳಿಸಿಕೊಂಡರು. ಮನಸ್ಸಿನ ಶಂಕೆಗಳಿಂದ ನರಳುತ್ತಿದ್ದ ಫಾಬರರಿಗೆ ಆಧ್ಯಾತ್ಮಿಕ ದಾರಿಯನ್ನು ತೋರಿದರು. ಒಬ್ಬನು ಸದಾ ಕೊಡುತ್ತ, ಇನ್ನೊಬ್ಬನು ಸದಾ ಪಡೆಯುತ್ತ ಇರುವುದು ಆಶ್ರಯವಾದೀತೇ ಹೊರತು ಸ್ನೇಹವಾಗದು. ಸ್ನೇಹದಲ್ಲಿ ಇಬ್ಬರೂ ಗುರುಗಳು, ಇಬ್ಬರೂ ಶಿಷ್ಯರು.

ಕ್ಸೇವಿಯರರ ವಿಷಯವೇ ಬೇರೆ. ಅವರು ಬುದ್ಧಿವಂತರು, ಕೀರ್ತಿಕಾಮಿಗಳು. ಮನಸ್ಸು ಸುಲಭವಾಗಿ ಬಗ್ಗಲಿಲ್ಲ. ಇಗ್ನೇಷಿಯಸರು ಅವರೊಡನೆ ವಾದಕ್ಕಿಳಿಯುವ ಬದಲು ಹಣದ ಮುಗ್ಗಟ್ಟಿನಲ್ಲಿ ನೆರವಾದರು. ವರ್ಷಗಳು ಕಳೆದ ಮೇಲೆ ಕ್ಸೇವಿಯರರ ಕಣ್ಣು ತೆರೆಯಿತು. 1535ರಲ್ಲಿ ಅವರು ತಮ್ಮ ಅಣ್ಣನಿಗೆ ಬರೆದ ಪತ್ರವೊಂದು ಇಂದಿಗೂ ಉಳಿದಿದೆ. ಹಣದಿಂದಲೂ ಸ್ನೇಹಿತರಿಂದಲೂ ಇಗ್ನೇಷಿಯಸರು ತಮಗೆ ಮಾಡಿಕೊಟ್ಟ ಸಹಾಯವನ್ನು ಅದರಲ್ಲಿ ಸ್ಮರಿಸಿ, ಅದಕ್ಕಿಂತ ಮಿಗಿಲಾಗಿ, ಅನನುಭವದಿಂದಾಗಿ ತಾವು ಗುರುತಿಸಲಾಗದೆ ಹೋಗಿದ್ದ ಕೆಟ್ಟ ಸಹವಾಸದಿಂದ ಅವರು ತಮ್ಮನ್ನು ಬಿಡಿಸಿದರೆಂದು ಕೃತಜ್ಞತೆಯಿಂದ ಹೇಳಿಕೊಂಡಿದ್ದಾರೆ. ಇದನ್ನು ಬರೆದವರು ಯಾರು? ಪ್ಯಾರಿಸಿನಲ್ಲಿ ಓದಿ ಅಲ್ಲಿಯೇ ತತ್ತ್ವಶಾಸ್ತ್ರವನ್ನು ಬೋಧಿಸಿದ ಪಂಡಿತರು! ಕೆಟ್ಟ ಸಹವಾಸವನ್ನು ಗುರುತಿಸಲು ಅಂಥವರಿಗೇ ಸಾಧ್ಯವಾಗದಿದ್ದರೆ, ನಮ್ಮ ಹದಿನೆಂಟರ ಹರೆಯದ ಹುಡುಗರು 'ನಮಗೆಲ್ಲ ಗೊತ್ತು' ಎನ್ನುವುದಕ್ಕೆ ಅರ್ಥವುಂಟೆ? ಕೆಟ್ಟ ಸಹವಾಸವು ಕೆಟ್ಟ ಮುಖವನ್ನು ಹೊತ್ತು ಬರುವುದಿಲ್ಲ. ನಗುಮುಖದಿಂದ ಬರುತ್ತದೆ, ಹೆಗಲ ಮೇಲೆ ಕೈಯಿಡುತ್ತದೆ, ಮೊದಲ ಲೋಟದ ಹಣವನ್ನು ತಾನೇ ಕೊಡುತ್ತದೆ.

1534ರ ಆಗಸ್ಟ್ 15ರಂದು, ದೇವಮಾತೆಯ ಸ್ವರ್ಗಾರೋಹಣದ ಹಬ್ಬದ ದಿನ, ಪ್ಯಾರಿಸಿನ ಮೊಂಮಾರ್ತ್ರ್ ಗುಡ್ಡದ ಪುಟ್ಟ ದೇವಾಲಯದಲ್ಲಿ ಏಳು ಮಂದಿ ಸಂಗಾತಿಗಳು ಸೇರಿದರು. ಅವರಲ್ಲಿ ಗುರುಪಟ್ಟ ಪಡೆದಿದ್ದವರು ಫಾಬರರೊಬ್ಬರೇ. ಅವರು ಬಲಿಪೂಜೆಯನ್ನು ಅರ್ಪಿಸಿದರು. ಬಡತನದಲ್ಲಿಯೂ ಬ್ರಹ್ಮಚರ್ಯದಲ್ಲಿಯೂ ಬಾಳಿ ಜೆರುಸಲೇಮಿಗೆ ಹೋಗುವುದಾಗಿ, ಅದಾಗದಿದ್ದರೆ ಜಗದ್ಗುರುಗಳು ಕಳುಹಿಸಿದೆಡೆಗೆ ಹೋಗುವುದಾಗಿ ಪ್ರತಿಜ್ಞೆ ಮಾಡಿದರು. ಆ ಏಳು ಮಂದಿಯ ಸ್ನೇಹದಿಂದ ಯೇಸುಸಭೆ ಹುಟ್ಟಿತು; 1540ರ ಸೆಪ್ಟೆಂಬರ್ 27ರಂದು ಮೂರನೆಯ ಪಾಲ್ ಜಗದ್ಗುರುಗಳು ಅದಕ್ಕೆ ಅನುಮತಿಯಿತ್ತರು. ಕ್ಸೇವಿಯರರು 1542ರ ಮೇ 6ರಂದು ಗೋವೆಯನ್ನು ತಲುಪಿದರು. ಅವರ ಹೆಸರನ್ನು ಹೊತ್ತ ಮಕ್ಕಳು ಇಂದಿಗೂ ನಮ್ಮ ಮನೆಮನೆಗಳಲ್ಲಿದ್ದಾರೆ.

ಗೆಳೆಯರಿಂದ ಸಾವಿರಾರು ಮೈಲಿ ದೂರದಲ್ಲಿದ್ದ ಕ್ಸೇವಿಯರರು, ತಮಗೆ ಬಂದ ಪತ್ರಗಳಿಂದ ಸಂಗಡಿಗರು ಸ್ವಹಸ್ತದಿಂದ ಬರೆದ ಹೆಸರುಗಳನ್ನು ಕತ್ತರಿಸಿ, ಸದಾ ತಮ್ಮ ಮೈಮೇಲೆ ಧರಿಸಿಕೊಂಡಿರುತ್ತಿದ್ದರು. 1552ರ ಡಿಸೆಂಬರಿನಲ್ಲಿ ಚೀನಾದ ಕರಾವಳಿಯ ದ್ವೀಪವೊಂದರಲ್ಲಿ ಮರಣ ಹೊಂದುವಾಗ ಆ ಹಳೆಯ ಸಂಗಾತಿಗಳಲ್ಲಿ ಯಾರೂ ಅವರ ಬಳಿಯಲ್ಲಿರಲಿಲ್ಲ. ಆದರೂ ಅವರನ್ನು ಒಂಟಿಯೆನ್ನಲು ಯಾರಿಗೆ ಮನಸ್ಸು ಬಂದೀತು? ನಿಜವಾದ ಸಂಗಾತಿ ದೂರವಿದ್ದರೂ ನಮ್ಮನ್ನು ಕಾಯುತ್ತಾನೆ. ಕೆಟ್ಟ ಸಂಗಾತಿ ಬಳಿಯಿದ್ದರೂ ನಮ್ಮನ್ನು ಒಂಟಿಯಾಗಿಸುತ್ತಾನೆ.

ಹಾಗಾದರೆ ಒಳ್ಳೆಯ ಸಂಗಾತಿಯನ್ನು ಗುರುತಿಸುವುದು ಹೇಗೆ? ಮಿತ್ರನನ್ನು ಪರೀಕ್ಷಿಸದೆ ನಂಬಬಾರದೆಂದು ಸಿರಾಖನ ಗ್ರಂಥವು ನಮಗೆ ಬುದ್ಧಿ ಹೇಳುತ್ತದೆ. ನಾವು ನಾಲ್ಕು ಒರೆಗಲ್ಲುಗಳನ್ನು ಇಟ್ಟುಕೊಳ್ಳಬಹುದು. ಒಂದು: ಅವನನ್ನು ಹಗಲು ಹೊತ್ತಿನಲ್ಲಿ ಮನೆಗೆ ಕರೆತಂದು ತಾಯಿಯ ಮುಂದೆ ನಿಲ್ಲಿಸಲು ನಮಗೆ ಸಂಕೋಚವಾಗುವುದಿಲ್ಲ. ಎರಡು: ನಮ್ಮ ಜೇಬು ಬರಿದಾದ ದಿನವೂ ಅವನು ಬರುತ್ತಾನೆ. ಮೂರು: ನಮ್ಮ ತಪ್ಪನ್ನು ನಮ್ಮ ಮುಂದೆ ಹೇಳುತ್ತಾನೆ, ಹಿಂದೆ ಮುಚ್ಚುತ್ತಾನೆ. ನಾಲ್ಕು: ಅವನೊಡನಿರುವಾಗ ದುಡಿಮೆ, ವಿದ್ಯೆ, ಪ್ರಾರ್ಥನೆ ನಾಚಿಕೆಯ ವಿಷಯಗಳಾಗಿ ತೋರುವುದಿಲ್ಲ. ಜೇಬಿನಲ್ಲಿರುವ ಮೊಬೈಲ್ ಕೂಡ ಇಂದು ನಮ್ಮ ಸಂಗಾತಿಯೇ ಆಗಿರುವುದರಿಂದ, ಅದರೊಳಗಿಂದ ಮಾತನಾಡುವವರನ್ನೂ ಇದೇ ಒರೆಗಲ್ಲಿಗೆ ಉಜ್ಜಿ ನೋಡಬೇಕು.

ಇಲ್ಲಿ ಒಂದು ಪ್ರಶ್ನೆ ಏಳಬಹುದು. ಸ್ವಾಮಿಯವರು ಸುಂಕದವರೊಡನೆಯೂ ಪಾಪಿಗಳೊಡನೆಯೂ ಊಟ ಮಾಡಲಿಲ್ಲವೆ? ದಾರಿ ತಪ್ಪಿದವರನ್ನು ನಾವು ದೂರವಿಡಬೇಕೆ? ಖಂಡಿತ ಕೂಡದು. ಯಾರಿಗೆ ಸೇವೆ ಸಲ್ಲಿಸಬೇಕು ಎಂಬುದು ಒಂದು ಪ್ರಶ್ನೆ. ಯಾರ ಹಿಂದೆ ನಡೆಯಬೇಕು ಎಂಬುದು ಬೇರೊಂದು ಪ್ರಶ್ನೆ. ಮೊದಲನೆಯದಕ್ಕೆ ಎಲ್ಲರಿಗೂ ಎಂಬುದೇ ಉತ್ತರ. ಎರಡನೆಯದಕ್ಕೆ ಆಯ್ದು ನಡೆಯಬೇಕು. ಪಾಪಿಗಳ ಪಂಕ್ತಿಯಲ್ಲಿ ಕುಳಿತ ಸ್ವಾಮಿ ಅವರನ್ನು ಮೇಲೆತ್ತಿದರು. ಬಾವಿಗೆ ಬಿದ್ದವನಿಗೆ ಹಗ್ಗ ಇಳಿಬಿಡುವವನು ತನ್ನ ಕಾಲು ಗಟ್ಟಿ ನೆಲದ ಮೇಲಿದೆಯೆ ಎಂದು ಮೊದಲು ನೋಡಿಕೊಳ್ಳಬೇಕು. ಅವನ ಸೊಂಟವನ್ನು ಹಿಡಿದುಕೊಳ್ಳಲು ಹಿಂದೆ ನಾಲ್ವರು ಇರಬೇಕು.

ಸಂಗಾತಿಗಳ ಬಲವು ಮನೆಯ ಅಡಿಗೆ ಒಲೆಯ ತನಕ ಬರುವಂಥದು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾನೂನು ಬಂದಾಗ, ಮರುವರ್ಷವೇ, ಅಂದರೆ 1905ರಲ್ಲಿ, ನಮ್ಮ ಗದಗ ಸೀಮೆಯ ಕಣಗಿನಹಾಳ ಗ್ರಾಮದ ರೈತರು ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಒಂದಾಗಿ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಕೃಷಿ ಪತ್ತಿನ ಸಂಘಗಳಲ್ಲಿ ಭಾರತಕ್ಕೇ ಮೊದಲನೆಯದೆಂಬ ಕೀರ್ತಿ ಅದಕ್ಕೆ ಸಲ್ಲುತ್ತದೆ. 1992ರಿಂದ ಸ್ವಸಹಾಯ ಸಂಘಗಳಿಗೆ ಬ್ಯಾಂಕುಗಳ ಸಾಲ ದೊರಕುವ ಏರ್ಪಾಡಾದ ಮೇಲೆ ಹತ್ತು ಇಪ್ಪತ್ತು ಮಂದಿ ಹೆಂಗಸರು ಕೂಡಿ, ವಾರಕ್ಕಿಷ್ಟೆಂದು ಉಳಿಸಿ, ಒಬ್ಬರ ಮಾತಿಗೆ ಇನ್ನೊಬ್ಬರು ಹೊಣೆಯಾಗಿ ಸಾಲ ಪಡೆದು ತೀರಿಸುವುದನ್ನು ನಾವು ಊರೂರಲ್ಲಿ ಕಂಡಿದ್ದೇವೆ. ಇಂಥ ಸಂಘದ ಉಳಿವು ಯಾವುದರ ಮೇಲೆ ನಿಂತಿದೆ? ಯಾರನ್ನು ಜೊತೆಗೆ ಸೇರಿಸಿಕೊಂಡೆವು ಎಂಬುದರ ಮೇಲೆಯೇ ಅಲ್ಲವೆ? ಅದೇ ಹತ್ತು ಮಂದಿ ಗಂಡಸರು ಸಂಬಳದ ಸಾಯಂಕಾಲ ಮದ್ಯದಂಗಡಿಯಲ್ಲಿ ಕೂಡಿದರೆ ಹತ್ತು ಮನೆಗಳ ಒಲೆ ಆರುತ್ತದೆ. ಕೂಡುವುದು ಎರಡೂ ಕಡೆ ಒಂದೇ. ಕೂಡಿದ ಉದ್ದೇಶ ಬೇರೆ, ಮಕ್ಕಳ ತಟ್ಟೆಗೆ ಬೀಳುವುದೂ ಬೇರೆ.

ಪೋಷಕರಲ್ಲಿ ಒಂದು ಬಿನ್ನಹ. ಮಕ್ಕಳ ಸಹವಾಸವನ್ನು ಕುರಿತು ಚಿಂತಿಸುವ ನಾವು ನಮ್ಮ ಸಹವಾಸವನ್ನೂ ನೋಡಿಕೊಳ್ಳಬೇಕಾಗಿದೆ. ಅಕ್ಕಪಕ್ಕದವರ ಸರಿಸಮಾನವಾಗಿ ಮೆರೆಯಬೇಕೆಂದು ಮದುವೆಗೆ ಸಾಲಮಾಡಿ, ಹತ್ತು ವರ್ಷ ಬಡ್ಡಿ ಕಟ್ಟುವ ಮನೆಯಲ್ಲಿ ಮಗನಿಗೆ ಮಿತವ್ಯಯವನ್ನು ಬೋಧಿಸಿದರೆ ಅವನು ಕೇಳುವನೆ? ತಂದೆಯ ಗೆಳೆಯರನ್ನು ನೋಡಿಯೇ ಮಗನು ತನ್ನ ಗೆಳೆಯರನ್ನು ಆಯ್ದುಕೊಳ್ಳುವುದನ್ನು ಕಲಿಯುತ್ತಾನೆ.

ಕಡೆಯದಾಗಿ, ಒಳ್ಳೆಯ ಸಂಗಾತಿ ಬಂದಾಗ ನೋಡೋಣವೆಂದು ಯಾರೂ ಕಾದು ಕೂಡಬಾರದು. ಇಗ್ನೇಷಿಯಸರು ಕಾಯಲಿಲ್ಲ. ತಾವು ಮೊದಲು ಎದ್ದರು, ನಡೆದರು. ನಡೆಯುವ ದಾರಿಯಲ್ಲಿ ಸಂಗಾತಿಗಳು ದೊರೆತರು. ಎದ್ದು ನಡೆಯುವವನಿಗೆ ನಡೆಯುವವರೇ ಜೊತೆಯಾಗುತ್ತಾರೆ. ಕುಳಿತವನಿಗೆ ಕುಳಿತವರೇ ಜೊತೆ. ಹೂವಿನೊಡನೆ ಸೇರಿದ ನಾರು ದೇವರ ಮುಡಿಗೇರುವುದು ನಿಜ. ಆದರೆ ಎಲ್ಲರೂ ಹೂವನ್ನು ಹುಡುಕುವ ನಾರುಗಳೇ ಆದರೆ ಮಾಲೆಯಾಗುವುದು ಹೇಗೆ? ಇನ್ನೊಬ್ಬರ ಪಾಲಿಗೆ ಹೂವಾಗುವ ಹೊಣೆಯೂ ನಮ್ಮದಾಗಿದೆ.

ಈ ಶತಮಾನೋತ್ಸವದ ವರ್ಷದಲ್ಲಿ ನಾವು ಪ್ರತಿಯೊಬ್ಬರೂ ಎರಡು ಕೆಲಸಗಳನ್ನು ಮಾಡೋಣ. ನಿಲ್ಲಿಸಿಬಿಟ್ಟ ಒಂದು ಒಳ್ಳೆಯ ಕೆಲಸವನ್ನು ಮರಳಿ ಪ್ರಾರಂಭಿಸೋಣ: ಅದು ಓದಾಗಲಿ, ಕಸುಬಾಗಲಿ, ಉಳಿತಾಯವಾಗಲಿ, ಸಂಜೆಯ ಕುಟುಂಬ ಪ್ರಾರ್ಥನೆಯಾಗಲಿ. ಮತ್ತು ನಮ್ಮ ಬೀದಿಯಲ್ಲಿ ಒಂಟಿಯಾಗಿ ಬಿದ್ದಿರುವ ಒಬ್ಬರ ಹಾಸಿಗೆಯ ಒಂದು ಮೂಲೆಯನ್ನು ಹಿಡಿದೆತ್ತೋಣ. ಉಳಿದ ಮೂರು ಮೂಲೆಗಳಿಗೆ ದೇವರು ಜನರನ್ನು ಕಳುಹಿಸಿಕೊಡುವರು.

ಸಂಗಾತಿಗಳಲ್ಲಿ ಪರಮಸಂಗಾತಿಯಾದ ಯೇಸುಸ್ವಾಮಿಯು ತಮ್ಮೆಲ್ಲರನ್ನೂ ಆಶೀರ್ವದಿಸಲಿ. ದೇವಮಾತೆ ಮರಿಯಮ್ಮನವರು ನಮ್ಮ ಮನೆಗಳ ಜೊತೆಯಲ್ಲಿರಲಿ.